ಗೌಸಬಿಯ ಸಣ್ಣ ತಂತಿ

ಗೌಸಬಿ ಯಾವ ವಸ್ತುವನ್ನೂ ಮೊದಲ ಸಲ ಅಂಗೈಯಿಂದ ಮುಟ್ಟುತ್ತಿರಲಿಲ್ಲ. ರೊಟ್ಟಿಯ ಹಂಚಾಗಲಿ, ಜ್ವರ ಬಂದ ಮಗುವಿನ ಹಣೆಯಾಗಲಿ, ಈಗಷ್ಟೇ ನಿಂತ ಲಾರಿಯ ಬಾನೆಟ್ಟಾಗಲಿ, ಕೈಯ ಹಿಂಬದಿಯನ್ನು ಹತ್ತಿರ ಒಯ್ದು, ಅರೆಗಳಿಗೆ ತಡೆದು, ಏನೋ ಕೇಳಿಸಿಕೊಂಡವಳಂತೆ ತಲೆಯಾಡಿಸಿ, ಆಮೇಲೆ ಮುಟ್ಟುವುದು ಅಥವಾ ಬಿಡುವುದು. ಒಲೆಯ ಮುಂದೆ ಕಳೆದ ವರ್ಷಗಳು ಕಲಿಸಿದ ಎಚ್ಚರ ಅದು.

ಬಸವನ ಬಾಗೇವಾಡಿಯ ಅವಳ ಗಂಡ ಜೈನುದ್ದೀನ ತನ್ನದೇ ಲಾರಿ ಹೊಡೆಯುತ್ತಿದ್ದ. ಹತ್ತಿ ಬಿಡಿಸುವ ಕಾಲ ಬಂತೆಂದರೆ ನಾಲ್ಕು ತಿಂಗಳು ಸಿಂದಗಿ, ಇಂಡಿ, ಮುದ್ದೇಬಿಹಾಳಗಳ ಗಿರಣಿಗಳಿಂದ ಒತ್ತಿ ಬಿಗಿದ ಅರಳೆಯ ದಿಂಡು ಹೇರಿಕೊಂಡು ತಿರುಗಾಟ. ಹೊರಗಿನ ಊಟ ಅವನಿಗೆ ಆಗುವುದಿಲ್ಲವೆಂದು ಗೌಸಬಿಯೂ ಜೊತೆಗೆ. ಬೇವಿನ ಗಿಡದ ನೆರಳಿನಲ್ಲಿ ಮೂರು ಕಲ್ಲು ಹೂಡಿ ರೊಟ್ಟಿ ಬಡಿಯುವುದು, ಬಾವಿ ಹುಡುಕಿ ಎಂಜಿನ್ನಿಗೂ ಗಂಡನಿಗೂ ನೀರು ತರುವುದು, ಹೇರಿನ ಮೇಲೆ ಹೊದಿಸುವ ತಾಡಪತ್ರಿಯ ಹರಕು ಹೊಲಿಯುವುದು, ಲಾರಿ ಹಿಂದಕ್ಕೆ ಸರಿಸುವಾಗ ಕೆಳಗಿಳಿದು ಕೂಗಿ ದಾರಿ ತೋರಿಸುವುದು. ಯಾರಾದರೂ ಕೇಳಿದರೆ ಜೈನುದ್ದೀನ, “ಅಕಿ ಸುಮ್ನ ಕುಂದರಾಕ ಬಂದಾಳ್ರಿ” ಎನ್ನುತ್ತಿದ್ದ. ಅದರಲ್ಲಿ ಕೆಟ್ಟ ಮನಸ್ಸಿರಲಿಲ್ಲ. ಅವನಿಗೆ ಹಾಗೆಯೇ ಕಾಣುತ್ತಿತ್ತು.

ಅವಳು ತನ್ನದು ಎನ್ನಬಹುದಾಗಿದ್ದದ್ದು ಒಂದೇ, ಊರವರ ಕೌದಿ ಹೊಲಿದ ದುಡ್ಡಿನಲ್ಲಿ ಕೊಂಡ ರೇಡಿಯೊ. ಮಧ್ಯಾಹ್ನ ಧಾರವಾಡದಿಂದ ಹೆಣ್ಣುಮಕ್ಕಳ ಮಾತುಕತೆ ಬರುವ ಅರ್ಧ ತಾಸು ಅವಳು ಏನೂ ಮಾಡುತ್ತಿರಲಿಲ್ಲ. ಸುಮ್ಮನೆ ಕೂಡುವುದೆಂದರೇನೆಂದು ಆ ಅರ್ಧ ತಾಸಿನಲ್ಲಿಯೇ ಅವಳಿಗೆ ತಿಳಿದದ್ದು. ಆದರೆ ಹತ್ತಿಯ ಕಾಲದಲ್ಲಿ ರೇಡಿಯೊ ಬೀಗ ಹಾಕಿದ ಮನೆಯೊಳಗೆ, ಅವಳು ಲಾರಿಯಲ್ಲಿ. ಒಂದು ವರ್ಷ ಹೇಳಿಯೇಬಿಟ್ಟಳು: “ರೇಡಿಯೊ ಬಂದ್ರ ನಾ ಬರ್ತೇನಿ. ಇಲ್ಲಾಂದ್ರ ನಿಮ್ಮ ರೊಟ್ಟಿ ನೀವ ಬಡ್ಕೊಳ್ರಿ.”

ಮನೆಯ ಕರೆಂಟಿನ ರೇಡಿಯೊ ಲಾರಿಯ ಬ್ಯಾಟರಿಗೆ ಹಾಡುವುದಿಲ್ಲ. ಮುದ್ದೇಬಿಹಾಳದ ಮಿಸ್ತ್ರಿ ಹಣಮಂತ್ರಾಯ ಗುಜರಿಯಲ್ಲಿ ಹುಡುಕಿ ಒಂದು ಕನ್ವರ್ಟರ್ ತಂದುಕೊಟ್ಟ. ಬ್ಯಾಟರಿಯ ಕರೆಂಟು ಉಂಡು, ಒಳಗೊಂದು ಗಾಲಿ ತಿರುಗಿಸಿ, ಮನೆಯ ಕರೆಂಟು ಹೆರುವ ಕಬ್ಬಿಣದ ಪೆಟ್ಟಿಗೆ.

“ಜೈನೂಭಾಯಿ, ವಾಯರ್ ದಪ್ಪ ಇರಬೇಕು. ಬ್ಯಾಟರಿ ಬಾಜೂಕ ಫ್ಯೂಜ್ ಇರಬೇಕು, ಅದರ ತಂತಿ ಸಣ್ಣದಿರಬೇಕು. ಎಂಜಿನ್ ಬಂದ್ ಮಾಡಿ ರೇಡಿಯೊ ಹಚ್ಚಿದ್ರ ಬ್ಯಾಟರಿ ಇಳಿತೈತಿ. ಪೆಟಗಿಗೆ ಗಾಳಿ ಆಡಬೇಕು.”

ಅಷ್ಟನ್ನೂ ಅವನು ಜೈನುದ್ದೀನನ ಮುಖ ನೋಡಿಯೇ ಹೇಳಿದ. ಜೈನುದ್ದೀನ ಬೀಡಿ ಹಚ್ಚುತ್ತ ಹೂಂಗುಟ್ಟಿದ. ಆಚೆ ನಿಂತಿದ್ದ ಗೌಸಬಿ ಒಂದೊಂದು ಮಾತನ್ನೂ ಸೆರಗಿಗೆ ಗಂಟು ಹಾಕಿಕೊಂಡಂತೆ ಕೇಳಿಸಿಕೊಂಡಳು.

“ಸಣ್ಣ ತಂತಿ ಯಾಕಣ್ಣಾ?”

“ಏನರೆ ತಪ್ಪಾದ್ರ ಮೊದಲ ಅದು ಸುಡಬೇಕು, ಭಾಬಿ. ಅದು ಸುಟ್ಟರ ಉಳಿದದ್ದೆಲ್ಲಾ ಉಳಿತೈತಿ.”

ಗೌಸಬಿ ನಕ್ಕಳು. “ಅಂದ್ರ, ಮನಿಯೊಳಗ ಸೊಸಿ ಇದ್ದಂಗ.”

ಜೈನುದ್ದೀನ ಒಂದು ಕರಾರು ಹಾಕಿದ: “ಇದು ಅರಳಿ ಹೇರೂ ಲಾರಿ. ಒಂದ ಸಲ ಸುಟ್ಟ ವಾಸನಿ ಬಂತಂದ್ರ ಪೆಟಗಿ, ರೇಡಿಯೊ ಎರಡೂ ವಾಪಸ್ ಮನಿಗೆ.” ಅವಳು ಒಪ್ಪಿದಳು.

ಪೆಟ್ಟಿಗೆಯನ್ನು ಸೀಟಿನ ಹಿಂದೆ ಕೂರಿಸಿದ ಮೇಲೆ ಒಂದು ತಿಂಗಳು ನಡೆಯಿತು. ರೇಡಿಯೊ ಹಚ್ಚುವ ಮೊದಲೊಮ್ಮೆ, ಹಚ್ಚಿ ತುಸು ಹೊತ್ತಿಗೊಮ್ಮೆ, ವಾಯರಿಗೂ ಪೆಟ್ಟಿಗೆಗೂ ಕೈಯ ಹಿಂಬದಿ ಹಿಡಿದು ನೋಡುವಳು. ಇಂಡಿಯ ಗಿರಣಿಯಲ್ಲಿ ಹತ್ತಿ ಆರಿಸುವ ಶೆಟ್ಟೆವ್ವ ಅದನ್ನು ಕಂಡು, “ಏನಬೇ ಗೌಸವ್ವಾ, ಪೆಟಗಿಗೂ ಜ್ವರ ನೋಡ್ತಿ?” ಎಂದಳು.

“ನೋಡ್ತೇನಿ. ಎಲ್ಲಿ ನೋವೈತಿ ಅಂತ ಗಂಡಸರಿಗಿಂತ ಲಗೂ ಹೇಳ್ತೈತಿ.”

ಮುದ್ದೇಬಿಹಾಳದಲ್ಲಿ ದಿಂಡು ಹೇರಿದ ಒಂದು ದಿನ ಅವಳು ರೊಟ್ಟಿಗಂಟು ಕಟ್ಟುತ್ತಿದ್ದಾಗಲೇ ಜೈನುದ್ದೀನ ಅವಸರ ಮಾಡಿ ಲಾರಿ ಬಿಟ್ಟ. ರೇಡಿಯೊ ತಾನೇ ಹಚ್ಚಿದ. ಅವಳಿಗೆ ನೋಡಲು ಪುರಸೊತ್ತಾಗಲಿಲ್ಲ. ಗೊಳಸಂಗಿ ದಾಟಿ ಮಸೂತಿಯ ಕಡೆ ಹೊರಳಿದಾಗ ಮಾತನಾಡುತ್ತಿದ್ದ ಹೆಂಗಸಿನ ದನಿ ಅರ್ಧಕ್ಕೇ ನಿಂತಿತು. ಹಿಂದೆಯೇ ಸುಟ್ಟ ವಾಸನೆ.

ಜೈನುದ್ದೀನ ಲಾರಿ ನಿಲ್ಲಿಸಿ ಇಳಿದು ನೋಡಿದರೆ ಫ್ಯೂಜಿನ ತಂತಿ ಕರಗಿತ್ತು. “ಕೂದಲದಂಥಾ ತಂತಿ ಹಾಕಿದ್ರ ಇನ್ನೇನಾಗ್ತೈತಿ!” ಎನ್ನುತ್ತ ಸೀಟಿನ ಅಡಿಯಿಂದ ದಿಂಡು ಬಿಗಿಯುವ ಕಬ್ಬಿಣದ ತಂತಿಯ ತುಂಡೊಂದನ್ನು ಎಳೆದ. “ಇದನ್ನ ಬಿಗಿತೇನಿ, ಮೊಮ್ಮಕ್ಕಳ ಕಾಲಕ್ಕೂ ಸುಡಂಗಿಲ್ಲ. ಕರಾರು ಬಿಡು, ನಿನ್ನ ರೇಡಿಯೊ ಈಗ ಹಾಡ್ತೈತಿ.”

 ಹೂಂ ಎಂದರೆ ರೇಡಿಯೊ ಉಳಿಯುತ್ತಿತ್ತು, ಮಾತುಕತೆಯ ಕೊನೆಯೂ ಕೇಳಿಸುತ್ತಿತ್ತು. ಗೌಸಬಿ ಅವನ ಕೈಯಿಂದ ಆ ತಂತಿ ಕಸಿದುಕೊಂಡಳು.

“ಬ್ಯಾಡ್ರಿ. ಅದು ಯಾಕ ಸುಟ್ಟಿತು ಅಂತ ತಿಳಿಯೂತನಕ ಬ್ಯಾಡ.”

ಮೊದಲು ಬ್ಯಾಟರಿಯ ವಾಯರ್ ಬಿಡಿಸಿದಳು. ಸೀಟಿನ ಹಿಂದೆ ಕೈಯ ಹಿಂಬದಿ ಒಯ್ದಳು. ಮುಟ್ಟುವ ಮೊದಲೇ ಝಳ ಬಡಿಯಿತು. ಪೆಟ್ಟಿಗೆಗೆ ಕೌದಿ ಸುತ್ತಿತ್ತು. ಅವಳೇ ಹೊಲಿದ ಕೌದಿ. ಬಿಚ್ಚಿ ನೋಡಿದರೆ ಅದರ ದಾರ ಗಾಲಿಯ ಅಚ್ಚಿಗೆ ಸುತ್ತಿಕೊಂಡು ಗಾಲಿ ಸಿಕ್ಕಿಬಿದ್ದಿತ್ತು, ಬಟ್ಟೆಯ ಒಳಮೈ ಕಂದಿತ್ತು. ಪೆಟ್ಟಿಗೆಯ ಹಿಂದೆ ಒಂದೇ ಹಲಗೆ, ಅದರಾಚೆಗೇ ಅರಳೆ.

“ಧೂಳ ಬಡಿಬಾರದಂತ ಮುಂಜಾನೆ ನಾನ ಹೊಚ್ಚಿದ್ನಿ” ಎಂದ ಜೈನುದ್ದೀನ. ಅವನ ದನಿ ಸಣ್ಣದಾಗಿತ್ತು.

“ಕೂಸಲ್ರಿ ಅದು, ಹೊಚ್ಚಿ ಮಲಗಸಾಕ.” ಗೌಸಬಿ ಬ್ಲೇಡಿನಿಂದ ಒಂದೊಂದೇ ದಾರ ಕತ್ತರಿಸಿ ತೆಗೆದಳು. ಬೆರಳಿನಿಂದ ನೂಕಿದಾಗ ಗಾಲಿ ತಿರುಗಿತು. ಆಮೇಲೆ ತಲೆಯೆತ್ತದೆ ಹೇಳಿದಳು: “ಕರಾರು ಅಂದ್ರ ಕರಾರು. ವಾಸನಿ ಬಂತು. ಬಾಗೇವಾಡಿಗೆ ಹೋಗಿ ಇಳಸೂಣು.”

ಜೈನುದ್ದೀನ ಹಲಗೆಯನ್ನು ನೋಡಿದ. ತನ್ನ ಕೈಯ ಹಿಂಬದಿಯನ್ನು ಅದರ ಹತ್ತಿರ ಒಯ್ದ. ಅವನಿಗೆ ಅದು ಅಭ್ಯಾಸವಿರಲಿಲ್ಲ.

“ಆ ಸಣ್ಣ ತಂತಿ ಇನ್ನೊಂದ ಎಳಿ ಐತೇನ?”

ಕೌದಿ ಹೊಲಿಯುವ ಸೂಜಿಯ ಡಬ್ಬಿಯಿಂದ ಅವಳು ಒಂದು ಎಳೆ ತೆಗೆದುಕೊಟ್ಟಳು. ಪೆಟ್ಟಿಗೆ ತಣ್ಣಗಾಗುವವರೆಗೆ ಇಬ್ಬರೂ ಲಾರಿಯ ನೆರಳಿನಲ್ಲಿ ಕೂತರು. ರೇಡಿಯೊ ಮತ್ತೆ ಹಾಡುವ ಹೊತ್ತಿಗೆ ಹೆಣ್ಣುಮಕ್ಕಳ ಮಾತುಕತೆ ಮುಗಿದು ಪೇಟೆಯ ಧಾರಣೆ ಬರುತ್ತಿತ್ತು. ಗೌಸಬಿ ಅದನ್ನೇ ಕೊನೆಯವರೆಗೂ ಕೇಳಿದಳು.

ಮರುವಾರ ಸಿಂದಗಿಯಲ್ಲಿ ಯಾರೋ ಹೆಂಡತಿಯ ವಿಷಯ ಕೇಳಿದಾಗ ಜೈನುದ್ದೀನ “ಅಕಿ ಸುಮ್ನ...” ಎಂದು ಶುರುಮಾಡಿ, ಅಷ್ಟಕ್ಕೇ ಬಿಟ್ಟು ಬೀಡಿಗೆ ಕೈಹಾಕಿದನಂತೆ.

ಸುಟ್ಟ ಲಾರಿಯ ಕಥೆಯನ್ನು ಊರೆಲ್ಲ ಹೇಳುತ್ತದೆ. ಸುಡದೆ ಉಳಿದ ಲಾರಿ, ಉಕ್ಕದೆ ಉಳಿದ ಹಾಲು, ಏರದೆ ಇಳಿದ ಜ್ವರ, ಇವುಗಳಿಗೆ ಕಥೆಯಿಲ್ಲ. ಏನೂ ಆಗದ ಒಂದು ದಿನವನ್ನು ದುಡಿದು ಮನೆಗೆ ತರುವವರು ಗೌಸಬಿಯಂಥವರು. ಅವರ ಕೆಲಸ ಚೆನ್ನಾಗಿ ನಡೆದಾಗ ಅವರು ಸುಮ್ಮನೆ ಕೂತಂತೆಯೇ ಕಾಣುತ್ತಾರೆ.