ಎದುರು ದಡದ ಕೋಚ್

"ಈ ಶನಿವಾರ ಸೋತ್ರೆ ಭಾನುವಾರ ಮನೆಗೆ. ನೋಡ್ತಾ ಇರಿ," ಎಂದ ಹ್ಯೂಬರ್ಟ್, ಫೋರ್ಕಿನ ತುದಿಯ ಹುರಿದ ಆಲೂಗಡ್ಡೆಯನ್ನು ಬಾಯಿಯ ಹತ್ತಿರವೇ ನಿಲ್ಲಿಸಿ. "ಸ್ಟಾನೆಕ್ ಕಥೆ ಮುಗೀತು."

"ಅವನೊಬ್ಬನೇ ಅಲ್ಲ ಕಣೋ. ಹೋಲ್ಟನ್ ಕಾಲೇಜಿನವನೂ ಹೊರಡ್ತಾನೆ," ಎಂದ ಪಕ್ಕದವನು.

"ಅವನೆಲ್ಲಿ ಹೋಗ್ತಾನೆ? ಅವನ ಮಾವ ಅಲ್ಲಿ ಟ್ರಸ್ಟಿ. ಮಾವ ಸಾಯೋವರೆಗೂ ಸೋಲ್ತಾ ಇರ್ಬಹುದು."

ಎಲ್ಲರೂ ನಕ್ಕರು. ನವೆಂಬರ್ ಬಂತೆಂದರೆ ಮಾರ್ಲೋ ಊರಿನ ಆ ಹೋಟೆಲಿನಲ್ಲಿ ಬೆಳಗಿನ ಮಾತೆಲ್ಲ ಇದೇ. ಸುತ್ತಲಿನ ಕಾಲೇಜುಗಳ ಅಮೆರಿಕನ್ ಫುಟ್‌ಬಾಲ್ ಕೋಚ್‌ಗಳಲ್ಲಿ ಯಾರು ಉಳಿಯುತ್ತಾರೆ, ಯಾರು ಹೋಗುತ್ತಾರೆ, ಹೋದವನ ಜಾಗಕ್ಕೆ ಯಾರು ಬರುತ್ತಾರೆ. ಉಕ್ಕಿನ ಕಾರ್ಖಾನೆ ಮುಚ್ಚಿದಾಗಿನಿಂದ ಊರಿನ ಗಂಡಸರಿಗೆ ಬೇರೆಯವರ ಕೆಲಸ ಹೋಗುವ ಸುದ್ದಿಯಲ್ಲಿ ಒಂದು ರುಚಿ ಹುಟ್ಟಿಕೊಂಡಿತ್ತು. ಅದರಲ್ಲೂ ನದಿಯಾಚೆಯ ಟೈರೀ ಕಾಲೇಜಿನ ಡೆಲ್ಮರ್ ಸ್ಟಾನೆಕ್‌ನ ಕೆಲಸ ಹೋಗುವುದೆಂದರೆ ಅವರಿಗೆ ಹಬ್ಬ. ಆ ಮನುಷ್ಯ ಮಾರ್ಲೋ ಕಾಲೇಜನ್ನು ಅಷ್ಟು ವರ್ಷ, ಅಷ್ಟು ಸಲ ಮಣ್ಣು ಮುಕ್ಕಿಸಿದ್ದ.

"ಕೋಚ್, ನೀವು ಹೇಳಿ," ಎಂದು ಹ್ಯೂಬರ್ಟ್ ಮೇಜಿನ ಕೊನೆಯಲ್ಲಿ ಕೂತಿದ್ದ ಲೋವೆಲ್ ಪ್ರುಯಿಟ್‌ನತ್ತ ತಿರುಗಿದ. "ನಿಮ್ಮನ್ನ ಮನೆಗೆ ಕಳಿಸಿದ್ದೇ ಅವನು. ಈಗ ಅವನ ಸರದಿ. ಒಂಚೂರೂ ಖುಷಿ ಆಗ್ತಿಲ್ವಾ?"

ಮಾರ್ಲೋ ಕಾಲೇಜು ಲೋವೆಲ್‌ನ ಕೈಯಿಂದ ತಂಡವನ್ನು ಕಿತ್ತುಕೊಂಡು ಎಷ್ಟೋ ವರ್ಷಗಳಾಗಿದ್ದವು. ಆದರೂ ಊರಿಗೆ ಅವನು ಕೋಚೇ. ಸ್ಟಾನೆಕ್‌ನ ತಂಡದ ಎದುರು ಸೋತ ಮಾರನೆಯ ಬೆಳಿಗ್ಗೆಯೇ ಅವನನ್ನು ಕರೆದು ಸಾಕು ಎಂದಿದ್ದರು. ಆಮೇಲೆ ಅವನು ಹೈಸ್ಕೂಲಿನ ಮಕ್ಕಳಿಗೆ ಕಾರು ಓಡಿಸುವುದನ್ನು ಕಲಿಸುತ್ತ ಬದುಕಿದ.

"ಕಾಫಿ ಆರ್ತಾ ಇದೆ, ಕುಡಿ," ಎಂದಷ್ಟೇ ಹೇಳಿ ಅವನು ಗೋಡೆಯ ಟಿ.ವಿ. ನೋಡಿದ.

ಅದರಲ್ಲಿ ಕಳೆದ ಪಂದ್ಯದ ಕೊನೆಯ ನಿಮಿಷವನ್ನು ಮತ್ತೆ ತೋರಿಸುತ್ತಿದ್ದರು. ಅಂಚುಗೆರೆಯ ಹತ್ತಿರ ನಿಂತ ಸ್ಟಾನೆಕ್ ಮೈದಾನದ ಹುಡುಗರಿಗೆ ಏನೋ ಸನ್ನೆ ಮಾಡುತ್ತಿದ್ದ. ಮೊಣಕೈ ತಟ್ಟಿದ, ಟೋಪಿ ಮುಟ್ಟಿದ, ಎರಡು ಬೆರಳನ್ನು ಎದೆಗೆ ಅಡ್ಡವಾಗಿ ಎಳೆದ. ಹೆಲ್ಮೆಟ್ಟಿನೊಳಗಿಂದ ಹುಡುಗರು ಅವನನ್ನು ಪಿಳಿಪಿಳಿ ನೋಡಿದರು. ಮತ್ತೆ ಮೊಣಕೈ, ಟೋಪಿ, ಎದೆ. ಅಷ್ಟರಲ್ಲಿ ಸಮಯ ಮುಗಿದು ಸೀಟಿ ಕೂಗಿತು.

"ಸೊಳ್ಳೆ ಹೊಡ್ಕೋತಿದಾನೆ ಪಾಪ!" ಎಂದು ಯಾರೋ ಕೂಗಿದರು. ಹೋಟೆಲಿಗೆ ಹೋಟೆಲೇ ನಕ್ಕಿತು.

ಲೋವೆಲ್ ನಗಲಿಲ್ಲ. ಅವನು ಎಷ್ಟೋ ಚಳಿಗಾಲಗಳನ್ನು ಕತ್ತಲೆಯ ಕೋಣೆಯಲ್ಲಿ ಪ್ರೊಜೆಕ್ಟರ್ ಹಾಕಿಕೊಂಡು ಆ ಕೈಯನ್ನೇ ನೋಡುತ್ತ ಕಳೆದಿದ್ದ. ಮೊಣಕೈ, ಟೋಪಿ, ಎದೆ ಎಂದರೆ ಚೆಂಡನ್ನು ಎದೆಗವಚಿಕೊಂಡು ಎಡಕ್ಕೆ ನುಗ್ಗು, ಡ್ವೈಟ್‌ನ ಹಿಂದೆ ಎಂದು ಅರ್ಥ. ಲೋವೆಲ್‌ನ ಕೆಲಸ ಕಳೆದದ್ದೂ ಅದೇ ಓಟ. ಆಮೇಲೆ ಸ್ಟಾನೆಕ್ ಆ ಸನ್ನೆಗಳನ್ನೆಲ್ಲ ಬಿಟ್ಟ. ಆಗ ಸ್ಟಾನೆಕ್‌ನ ತಂಡದಲ್ಲಿ ದಾರಿ ಬಿಡಿಸುತ್ತಿದ್ದ ಡ್ವೈಟ್‌ಗೆ ಈಗ ಮೊಮ್ಮಕ್ಕಳಿದ್ದಾರೆ. ಟಿ.ವಿ.ಯಲ್ಲಿ ಕಂಡ ಆ ಹುಡುಗರಲ್ಲಿ ಒಬ್ಬನೂ ಆಗ ಹುಟ್ಟಿರಲಿಲ್ಲ.

ಪಕ್ಕದ ಮೇಜಿನಿಂದ ರೇಡಿಯೋದ ಚಿಪ್ ಗ್ರೂಬರ್ ಎದ್ದು ಬಂದು ಅವನ ಹೆಗಲ ಮೇಲೆ ಕೈಯಿಟ್ಟ. "ಗುರುವಾರ ನಮ್ಮ ಕಾರ್ಯಕ್ರಮಕ್ಕೆ ಬನ್ನಿ ಕೋಚ್. 'ಮುಂದಿನ ವರ್ಷ ಯಾರಿರ್ತಾರೆ?' ಅಂತ. ಸ್ಟಾನೆಕ್ ಬಗ್ಗೆ ನೀವು ಬಾಯಿ ಬಿಟ್ರೆ ಎರಡೂ ದಡ ಕೇಳುತ್ತೆ."

"ನೋಡೋಣ," ಎಂದ ಲೋವೆಲ್.

ಮರುದಿನ ಮಧ್ಯಾಹ್ನ ಅವನು ಸೇತುವೆ ದಾಟಿದ. ನಾರ್ಮಾಳಿಗೆ ಕಾರಿಗೆ ಎಣ್ಣೆ ಬದಲಿಸಿಕೊಂಡು ಬರುತ್ತೇನೆ ಎಂದಿದ್ದ. ಹೆಂಡತಿಗೆ ಸುಳ್ಳು ಹೇಳಿ ರೂಢಿಯಿರಲಿಲ್ಲ. ದಾರಿಯುದ್ದಕ್ಕೂ ಅದೂ ಕೊರೆಯಿತು.

ಬಾಗಿಲು ತೆರೆದ ಸ್ಟಾನೆಕ್‌ನ ಹೆಂಡತಿ ಅರ್ಲೀನ್ ಅವನನ್ನು ಕಂಡು ಆಶ್ಚರ್ಯಪಡಲಿಲ್ಲ. "ಯಾರಾದ್ರೂ ಬಂದೇ ಬರ್ತಾರೆ ಅಂದ್ಕೊಂಡಿದ್ದೆ," ಎಂದಳು. "ನೀವು ಅಂತ ಅಂದ್ಕೊಂಡಿರ್ಲಿಲ್ಲ ಅಷ್ಟೆ."

"ಅದು ಹಳೇ ಸನ್ನೆ ಅರ್ಲೀನ್. ನಾನು ಟಿ.ವಿ.ಯಲ್ಲಿ ನೋಡಿದೆ."

ಅವಳು ಕಣ್ಣು ಕೆಳಗೆ ಮಾಡಿದಳು. ಒಳಗೆ ಕರೆದು ಅಡುಗೆಮನೆಯಲ್ಲಿ ಕೂರಿಸಿದಳು. ವಾಲ್ನಟ್ ತುಂಬಿದ ರೊಟ್ಟಿಯನ್ನು ಕತ್ತರಿಸಿ ಮುಂದಿಟ್ಟಳು.

ಅಷ್ಟರಲ್ಲಿ ಸ್ಟಾನೆಕ್ ಒಳಗೆ ಬಂದ. ಅಭ್ಯಾಸದ ಹೊತ್ತಿಗೆ ಹೊರಡಲು ಸಿದ್ಧವಾಗಿದ್ದ. ಗಡ್ಡ ಬೋಳಿಸಿತ್ತು, ಕೊರಳಲ್ಲಿ ಸೀಟಿ ತೂಗುತ್ತಿತ್ತು. ಲೋವೆಲ್‌ನನ್ನು ಕಂಡದ್ದೇ ಅವನ ಮುಖ ಅರಳಿತು.

"ಏನಯ್ಯಾ ಪ್ರುಯಿಟ್! ಪಂದ್ಯದ ವಾರ ನನ್ನ ಅಡುಗೆಮನೆಗೇ ಗೂಢಚಾರಿಕೆಗೆ ಬಂದ್ಯಾ?"

"ರೊಟ್ಟಿ ತಿನ್ನೋಕೆ ಬಂದೆ."

"ತಿನ್ನು, ತಿನ್ನು. ಶನಿವಾರ ಆದ್ಮೇಲೆ ನಿನಗೆ ಊಟ ಸೇರಲ್ಲ." ಸ್ಟಾನೆಕ್ ಎದುರಿಗೆ ಕೂತು ದನಿ ತಗ್ಗಿಸಿದ. "ನಿಜ ಹೇಳು. ನಿನ್ನ ಎಡಗಡೆ ನಿಲ್ತಾನಲ್ಲ ಆ ದಪ್ಪ ಹುಡುಗ, ಮುಲ್ಲಿನ್ಸ್. ಅವನ ಮಂಡಿ ಹೇಗಿದೆ? ಆಡ್ತಾನಾ?"

ಲೋವೆಲ್‌ನ ಬಾಯಲ್ಲಿದ್ದ ತುಣುಕು ಅಲ್ಲೇ ನಿಂತಿತು. ಮುಲ್ಲಿನ್ಸ್ ಆಡಿದ್ದು ಎಷ್ಟೋ ವರ್ಷಗಳ ಹಿಂದೆ, ಲೋವೆಲ್‌ನ ಕೊನೆಯ ವರ್ಷದ ತಂಡದಲ್ಲಿ. ಆ ಹುಡುಗನ ಮಂಡಿಗೆ ಪೆಟ್ಟಾಗಿದ್ದನ್ನು ಇಡೀ ವಾರ ಕಾಗೆ ಗುಬ್ಬಿಗೂ ತಿಳಿಯದ ಹಾಗೆ ಮುಚ್ಚಿಟ್ಟಿದ್ದ. ಅರ್ಲೀನ್ ಚಾಕು ಹಿಡಿದು ಗೋಡೆಯ ಕಡೆ ತಿರುಗಿ ನಿಂತಿದ್ದಳು.

"ಆಡಲ್ಲ," ಎಂದ ಲೋವೆಲ್ ಕೊನೆಗೆ. "ಎಡಗಡೆ ಪೂರ್ತಿ ಖಾಲಿ. ನುಗ್ಗಿದ್ರೆ ಯಾರೂ ತಡೆಯೋರಿಲ್ಲ."

ಸ್ಟಾನೆಕ್ ಅವನನ್ನು ದಿಟ್ಟಿಸಿ ನೋಡಿದ. ಆಮೇಲೆ ಗಹಗಹಿಸಿ ನಕ್ಕ. "ಸುಳ್ಳುಗಾರ! ಇಷ್ಟು ಸುಲಭವಾಗಿ ಹೇಳ್ತೀಯಾ ಅಂದ್ರೆ ಅವನು ಆಡೇ ಆಡ್ತಾನೆ." ಖುಷಿಯಿಂದ ಮೇಜು ಕುಟ್ಟಿ ಎದ್ದ. ಹೊರಗೆ ಕಾರಿನ ಹಾರ್ನ್ ಕೇಳಿಸಿತು. ಅವನ ಸಹಾಯಕ ಕರೆದೊಯ್ಯಲು ಬಂದಿದ್ದ.

ಕಾರು ಹೋದ ಮೇಲೆ ಅರ್ಲೀನ್ ಕೂತಳು. "ಸಹಾಯಕರಿಗೆ ಗೊತ್ತು. ಯಾರೂ ಬಾಯಿ ಬಿಟ್ಟಿಲ್ಲ. ಈ ಪಂದ್ಯ ಒಂದು ಮುಗಿದ್ರೆ ಸಾಕು."

"ಕಾಲೇಜಿಗೆ ಹೇಳಿಬಿಡಬಾರದಾ? ಗೌರವದಿಂದ ಕಳಿಸ್ತಾರೆ. ಈಗ ಊರೂರಲ್ಲಿ ನಗ್ತಿದಾರೆ ಅರ್ಲೀನ್. ಕೇಳೋಕಾಗಲ್ಲ."

"ನಗ್ಲಿ," ಎಂದಳು ಅವಳು. "ಬೇಸಿಗೆಯಲ್ಲಿ ಒಂದು ದಿನ ಚೆನ್ನಾಗಿದ್ರು. ಅವರೇ ಕೂರಿಸ್ಕೊಂಡು ಹೇಳಿದ್ರು. 'ನನ್ನನ್ನ ಸೋತಿದ್ದಕ್ಕೆ ಕಿತ್ತುಹಾಕ್ಲಿ ಕಣೆ. ಸೋತು ಹೋದವರನ್ನ ನಾನು ನೋಡಿದೀನಿ, ಮಾರನೇ ದಿನ ಎದ್ದು ಕಾಫಿ ಕುಡೀತಾರೆ. ಇನ್ನೊಂದಕ್ಕೆ, ಈ ಮರೆವಿಗೆ, ಕಳಿಸೋದು ಬೇಡ. ಜನ ನನ್ನ ಹತ್ರ ಮಗೂ ಜೊತೆ ಮಾತಾಡೋ ಹಾಗೆ ಮಾತಾಡೋದು ಬೇಡ' ಅಂತ." ಅವಳು ಮೇಜಿನ ಮೇಲಿನ ಪುಡಿಯನ್ನು ಅಂಗೈಯಿಂದ ಗುಡಿಸಿದಳು. "ಆಗ ನಿಮ್ಮ ಹೆಸರು ಹೇಳಿದ್ರು. 'ಪ್ರುಯಿಟ್‌ನ ನೋಡು, ಸೋತು ಹೋದ, ತಲೆ ಎತ್ಕೊಂಡೇ ಓಡಾಡ್ತಾನೆ' ಅಂತ."

ಆ ದಿನಗಳಲ್ಲಿ ಲೋವೆಲ್ ತಲೆಯೆತ್ತಿ ಓಡಾಡಿರಲಿಲ್ಲ. ಒಂದಿಡೀ ಚಳಿಗಾಲ ಮನೆಯ ನೆಲಮಾಳಿಗೆಯಿಂದ ಮೇಲೆ ಬಂದಿರಲಿಲ್ಲ. ಅದು ನಾರ್ಮಾಳಿಗೆ ಮಾತ್ರ ಗೊತ್ತು.

"ಯಾರಿಗೂ ಹೇಳ್ಬೇಡಿ," ಎಂದಳು ಅರ್ಲೀನ್. "ನಾರ್ಮಾಗೂ."

"ಇಲ್ಲ," ಎಂದ.

ಗುರುವಾರ ರೇಡಿಯೋಗೆ ಹೋಗಬೇಕೆಂದು ಅವನಿಗೆ ಇರಲಿಲ್ಲ. ಹೋಗದಿದ್ದರೆ ಯಾಕೆ ಬರಲಿಲ್ಲ ಎಂಬ ಮಾತು ಹುಟ್ಟುತ್ತದೆಂದು ಹೋದ. ಹೋಗಿ ಹವೆಯ ಬಗ್ಗೆ, ಹುಡುಗರ ಬಗ್ಗೆ ಏನಾದರೂ ಹೇಳಿ ಎದ್ದು ಬರುವುದೆಂದು ಅಂದುಕೊಂಡಿದ್ದ. ಮೊದಲಿಗೆ ಹಾಗೆಯೇ ನಡೆಯಿತು. ಫೋನ್ ಮಾಡಿದವರು ಸ್ಟಾನೆಕ್‌ನನ್ನು ಬೈದರು, ಅವನ ಜಾಗಕ್ಕೆ ಯಾರ್ಯಾರದೋ ಹೆಸರು ಹೇಳಿದರು, ಹೋಲ್ಟನ್ ಕಾಲೇಜಿನವನ ಮಾವನನ್ನೂ ಬಿಡಲಿಲ್ಲ. ಆಮೇಲೆ ಒಬ್ಬ ಹೆಂಗಸಿನ ದನಿ ಬಂತು.

"ನಾನು ಟೈರೀಯಿಂದ ಮಾತಾಡ್ತಿದೀನಿ. ನಮ್ಮಪ್ಪನಿಗೂ ಹೀಗೇ ಶುರುವಾಗಿದ್ದು. ಆಗ ನಾವೂ ನಗ್ತಿದ್ವಿ." ದನಿ ತಡವರಿಸಿತು. "ಸ್ಟಾನೆಕ್ ಅವರ ಕಣ್ಣು ನೋಡಿದ್ರೆ ನನಗೆ ನಮ್ಮಪ್ಪನ ಕಣ್ಣು ನೋಡಿದ ಹಾಗೇ ಆಯ್ತು. ಅವರಿಗೆ ಹುಷಾರಿಲ್ವೇನೋ. ಯಾರಾದ್ರೂ ಒಂದು ಮಾತು ಕೇಳಬಾರದಾ?"

ಚಿಪ್ ಕುರ್ಚಿಯಲ್ಲಿ ನೆಟ್ಟಗಾದ. ಅವನಿಗೆ ಆ ವಾರದ ಸುದ್ದಿ ಸಿಕ್ಕಿತ್ತು. "ಕೋಚ್, ಇದು ದೊಡ್ಡ ಮಾತಾಯ್ತಲ್ಲ. ಅವನ ಆಟ ನಿಮಗಿಂತ ಚೆನ್ನಾಗಿ ಬಲ್ಲೋರು ಯಾರೂ ಇಲ್ಲ. ಏನನ್ಸುತ್ತೆ ನಿಮಗೆ? ತಲೆಗೇನಾದ್ರೂ..."

"ತಲೆಗೆ ಏನೂ ಆಗಿಲ್ಲ," ಎಂದ ಲೋವೆಲ್. ದನಿ ಅವನೇ ಬೆಚ್ಚುವಷ್ಟು ಗಟ್ಟಿಯಾಗಿ ಬಂತು. "ಮೊನ್ನೆ ನೋಡಿದೀನಿ ಅವನನ್ನ, ಕಲ್ಲುಗುಂಡಿನ ಹಾಗಿದಾನೆ. ಅದು ಕಾಯಿಲೆ ಅಲ್ಲಮ್ಮ, ಕೊಬ್ಬು. ಆಟ ಬದಲಾಯ್ತು, ಅವನಿಗೆ ಕಲಿಯೋ ಮನಸ್ಸಿಲ್ಲ. ತನ್ನ ಕಾಲದ ಸನ್ನೆ ಮಾಡ್ಕೊಂಡು ಆ ಹುಡುಗರನ್ನ ಮಂಗ ಮಾಡ್ತಿದಾನೆ."

"ಆದ್ರೂ ಸರ್, ನಮ್ಮಪ್ಪ..."

"ನಿಮ್ಮಪ್ಪನ ವಿಷಯ ಬೇರೆ. ನನ್ನನ್ನ ಇದಕ್ಕಿಂತ ಸಣ್ಣ ತಪ್ಪಿಗೆ ಕಿತ್ತುಹಾಕಿದ್ರು, ಯಾರೂ ಫೋನ್ ಮಾಡಿ ಕಾಯಿಲೆನಾ ಅಂತ ಕೇಳ್ಲಿಲ್ಲ. ಸೋತವನು ಸೋತವನೇ. ಅವನನ್ನೂ ಕಿತ್ತುಹಾಕ್ಲಿ. ಸುಮ್ನೆ ನೆಪ ಹುಡುಕಬೇಡಿ."

ಆ ಕಡೆ ಹೆಂಗಸು ಫೋನ್ ಇಟ್ಟಳು. ಚಿಪ್ ಮೇಜಿನ ಕೆಳಗೆ ಹೆಬ್ಬೆರಳು ಎತ್ತಿ ತೋರಿಸಿದ. ಆಮೇಲೆ ಫೋನ್ ಮಾಡಿದವರೆಲ್ಲ ಕೋಚ್ ಪ್ರುಯಿಟ್‌ನನ್ನೇ ಹೊಗಳಿದರು. ಕಾಯಿಲೆಯ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

ಮನೆಗೆ ಬಂದಾಗ ನಾರ್ಮಾ ರೇಡಿಯೋ ಆರಿಸಿ ಸಿಂಕಿನ ಮುಂದೆ ನಿಂತಿದ್ದಳು.

"ಆ ಹೆಣ್ಣುಮಗಳ ಮೇಲೆ ಹಾಗೆ ಹಾಯ್ದಿರಲ್ಲ, ಏನು ಮಾಡಿದ್ಲು ಅವಳು?"

"ಬಾಯಿ ತಪ್ಪಿ ಬಂತು."

"ಇಷ್ಟು ವರ್ಷ ಒಂದು ದಿನವೂ ನೀವು ಅವನ ಬಗ್ಗೆ ಕೆಟ್ಟ ಮಾತಾಡಿದವರಲ್ಲ. ನೆಲಮಾಳಿಗೆಯಲ್ಲಿ ಕೂತಾಗ್ಲೂ ಆಡ್ಲಿಲ್ಲ. ನನ್ನ ಗಂಡ ಅಂಥವನಲ್ಲ ಅಂತ ನನಗೆ ಎಷ್ಟು ಹೆಮ್ಮೆ ಇತ್ತು." ಅವಳು ಕೈ ಒರೆಸಿಕೊಂಡಳು. "ಅರ್ಲೀನ್ ಕೇಳಿಸ್ಕೊಂಡಿರ್ತಾಳೆ. ಯೋಚನೆ ಮಾಡಿದ್ರಾ?"

"ಹೂಂ," ಎಂದ ಅವನು. ಆ ರಾತ್ರಿ ಅವಳು ಅವನಿಗೆ ಬೆನ್ನು ಮಾಡಿ ಮಲಗಿದಳು.

ಶುಕ್ರವಾರ ಹೋಟೆಲಿನಲ್ಲಿ ಜನ ಅವನ ಬೆನ್ನು ತಟ್ಟಿದರು. ಹ್ಯೂಬರ್ಟ್ ಅವನಿಗೆಂದು ಆಪಲ್ ಪೈ ತರಿಸಿದ. "ಇಷ್ಟು ದಿನ ಒಳಗೇ ಇಟ್ಕೊಂಡಿದ್ರಲ್ಲ ಕೋಚ್, ಈಗ ಹಗುರ ಆಯ್ತಾ?" ಎಂದ. ಲೋವೆಲ್ ಪೈಯನ್ನು ಫೋರ್ಕಿನಿಂದ ಅತ್ತಿತ್ತ ಸರಿಸಿ ತಟ್ಟೆಯಲ್ಲೇ ಬಿಟ್ಟ.

ಶನಿವಾರ ಟೈರೀ ಸೋತಿತು. ಭಾನುವಾರ ಕಾಲೇಜು ಚಿಕ್ಕದೊಂದು ಪ್ರಕಟಣೆ ಹೊರಡಿಸಿತು: ತಂಡದ ಸಾಧನೆ ತೃಪ್ತಿಕರವಾಗಿಲ್ಲ, ಹೊಸ ಕೋಚ್‌ಗಾಗಿ ಹುಡುಕಾಟ ಆರಂಭವಾಗಿದೆ. ಹೋಟೆಲಿನವರು ಒಂದು ಬೆಳಿಗ್ಗೆ ಕುಣಿದರು. ಮಾರನೆಯ ದಿನದಿಂದ ಆ ಜಾಗಕ್ಕೆ ಯಾರು ಬರುತ್ತಾರೆ, ಬಂದವನು ಎಷ್ಟು ದಿನ ಉಳಿಯುತ್ತಾನೆ ಎಂಬ ಮಾತು ಶುರುವಾಯಿತು.

ಕ್ರಿಸ್‌ಮಸ್ ಹತ್ತಿರವಾದಾಗ ಲೋವೆಲ್ ನಾರ್ಮಾಳೊಂದಿಗೆ ಸೇತುವೆಯ ಬಳಿಯ ದೊಡ್ಡ ಅಂಗಡಿಗೆ ಸಾಮಾನು ತರಲು ಹೋದ. ಎರಡು ಊರಿನವರೂ ಅಲ್ಲಿಗೇ ಬರುತ್ತಾರೆ. ಹಣ್ಣಿನ ಸಾಲಿನಲ್ಲಿ ಹ್ಯೂಬರ್ಟ್ ನಿಂತಿದ್ದ. ಅವನೆದುರು ಗಾಡಿ ಹಿಡಿದುಕೊಂಡು ಸ್ಟಾನೆಕ್. ಗಾಡಿಯ ಅಂಚಿನ ಮೇಲೆ ಅರ್ಲೀನಳ ಒಂದು ಕೈ ಇತ್ತು.

"ಏನ್ ಸ್ಟಾನೆಕ್, ಮನೇಲಿ ಹೊತ್ತು ಹೋಗುತ್ತಾ?" ಎಂದು ಹ್ಯೂಬರ್ಟ್ ಕೆಣಕಿದ.

ಸ್ಟಾನೆಕ್ ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ. "ಕಿತ್ತುಹಾಕಿದ್ರು," ಎಂದ. "ಸೋತ್ರೆ ಕಿತ್ತುಹಾಕ್ತಾರೆ. ನೀನು ಯಾವತ್ತಾದ್ರೂ ಆಡಿದ್ರೆ ತಾನೆ ಗೊತ್ತಾಗೋದು?"

ಹ್ಯೂಬರ್ಟ್ ಮುಖ ಕೆಂಪು ಮಾಡಿಕೊಂಡು ನಕ್ಕು ಅಲ್ಲಿಂದ ಸರಿದು ಲೋವೆಲ್‌ನ ಪಕ್ಕಕ್ಕೆ ಬಂದ. "ಸೊಕ್ಕು ನೋಡಿ, ಇನ್ನೂ ಇಳಿದಿಲ್ಲ," ಎಂದು ಗೊಣಗಿ ಮುಂದೆ ಹೋದ.

ಲೋವೆಲ್ ತಡೆಯುವ ಮೊದಲೇ ನಾರ್ಮಾ ಅರ್ಲೀನಳ ಬಳಿ ಹೋಗಿದ್ದಳು. ಅವಳ ತೋಳು ಹಿಡಿದು, "ರೇಡಿಯೋದಲ್ಲಿ ಇವರು ಆಡಿದ್ದಕ್ಕೆ ನಾನು ಕ್ಷಮೆ ಕೇಳ್ತೀನಿ ಅರ್ಲೀನ್. ನನಗೆ ಮುಖ ತೋರಿಸೋಕೂ ಆಗ್ತಿಲ್ಲ," ಎಂದಳು.

ಅರ್ಲೀನ್ ನಾರ್ಮಾಳ ಹೆಗಲಾಚೆ ನೋಡಿದಳು. ಬ್ರೆಡ್ಡಿನ ಕಪಾಟಿನ ಪಕ್ಕ ಲೋವೆಲ್ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ಅವಳ ತುಟಿ ಏನೋ ಹೇಳಲು ತೆರೆಯಿತು. ಅಷ್ಟರಲ್ಲಿ ಸ್ಟಾನೆಕ್ ತಿರುಗಿದ.

"ಪರವಾಗಿಲ್ಲ ನಾರ್ಮಾ," ಎಂದಳು ಅರ್ಲೀನ್ ಬೇಗನೆ. "ಆಟದಲ್ಲಿ ಇದೆಲ್ಲ ಇದ್ದದ್ದೇ." ಲೋವೆಲ್‌ನತ್ತ ಮತ್ತೆ ನೋಡದೆ ಗಾಡಿಯನ್ನು ಮುಂದಕ್ಕೆ ಎಳೆದಳು.

ಹಣ ಕೊಟ್ಟು ಹೊರಬಂದಾಗ ಸಣ್ಣಗೆ ಹಿಮ ಬೀಳುತ್ತಿತ್ತು. ನಾರ್ಮಾ ಮುಂದೆ ಮುಂದೆ ನಡೆದಳು. ಕಾರುಗಳ ಸಾಲಿನ ಕೊನೆಯಲ್ಲಿ ಸ್ಟಾನೆಕ್ ಚಾಲಕನ ಪಕ್ಕದ ಸೀಟಿನಲ್ಲಿ ಸೇಬಿನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ನೇರ ಮುಂದೆ ನೋಡುತ್ತ ಕೂತಿದ್ದ. ಅರ್ಲೀನ್ ಬಗ್ಗಿ, ಅವನ ಎದೆಯ ಮೇಲಿಂದ ಸೀಟಿನ ಪಟ್ಟಿಯನ್ನು ಎಳೆದು ಸಿಕ್ಕಿಸಿದಳು. ಕೋಟಿನ ಕಾಲರು ಅದರಡಿಯಲ್ಲಿ ಮಡಚಿಕೊಂಡಿತ್ತು; ಅದನ್ನು ಬಿಡಿಸಿ ಸರಿಮಾಡಿದಳು. ಬಾಗಿಲು ಮುಚ್ಚಿ, ಮಂಜಿನ ಮೇಲೆ ಜಾರದ ಹಾಗೆ ಬಾನೆಟ್ಟಿಗೆ ಕೈಯೂರಿಕೊಂಡು, ಕಾರನ್ನು ಸುತ್ತಿ ಇನ್ನೊಂದು ಬದಿಗೆ ನಡೆದಳು.