ವಿಂಕಾಟ್ ಸಾಹೇಬರ ಹಣೆಗೆ ವಿಭೂತಿ

೧.
ಹೇಗೆ ಶುರು ಮಾಡಲಿ? ‘ಮೆಲ್ಬರ್ನ್ ಬಂದರಿನಲ್ಲಿ ಮಂಜು ಕವಿದಿತ್ತು’ ಎಂದು ಬರೆದು ಹೊಡೆದುಹಾಕಿದೆ. ಹುಬ್ಬಳ್ಳಿ ದಾಟದ ನನಗೆ ಅಲ್ಲಿನ ಮಂಜಿನ ಉಸಾಬರಿ ಏಕೆ?

ಫ್ರೆಡರಿಕ್ ವಿಂಕಾಟ್: ಬ್ರಿಟಿಷರ ಕಾಲದ ಆಸ್ಟ್ರೇಲಿಯಾದಲ್ಲಿ ಬ್ಯಾಂಕ್ ನಡೆಸಿದವನು, ಶಾಸನಸಭೆಯಲ್ಲಿ ಕುಳಿತವನು, ದೊಡ್ಡ ಮನೆತನದವನು. (ಹಳೆಯ ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ಅವನ ಫೋಟೋದ ಕೆಳಗೆ ಇಷ್ಟಿತ್ತು. ನನ್ನ ಘನ ಸಂಶೋಧನೆಯೂ ಇಷ್ಟೇ.)

೨.
ಎರಡನೆಯ ಯತ್ನ. ೧೯೭೬, ಬೆಟಗೇರಿ. ಆ ಫೋಟೋ ಬೋರ್ಡು ಬರೆಯುವ ನಜೀರಸಾಬನ ಅಂಗಡಿಯ ಗೋಡೆಗೆ ಅಂಟಿದೆ. ಮುಂಡರಗಿಯಲ್ಲಿ ಬ್ಯಾಂಕು ಕಟ್ಟಿ, ಶಾಸಕರೂ ಆಗಿ, ಎಂದೋ ತೀರಿಕೊಂಡ ಅಂದಪ್ಪನವರ ಚಿತ್ರವನ್ನು, ಬ್ಯಾಂಕಿನ ಸಭೆಯಲ್ಲಿ ಅನಾವರಣ ಮಾಡಲೆಂದು, ಅವನೀಗ ಬರೆಯಬೇಕು. ಫೋಟೋ ತೆಗೆಸಿದರೆ ಆಯುಷ್ಯ ಕಡಿಮೆಯಾಗುತ್ತದೆಂದು ಅಂದಪ್ಪನವರು ಕ್ಯಾಮೆರಾ ಕಂಡರೆ ಕೊಡೆ ಅಡ್ಡ ಹಿಡಿಯುತ್ತಿದ್ದರು. ಈಗ ಉಳಿದವರಲ್ಲಿ ಅವರ ಮುಖ ಸರಿಯಾಗಿ ಬಲ್ಲವರೆಂದರೆ ಹೆಂಡತಿ ಅನ್ನಪೂರ್ಣವ್ವ ಒಬ್ಬರೇ.

“ಮೂಗು ನೆಟ್ಟಗಿತ್ತು, ಗಡ್ಡ ಇತ್ತು, ಸಿಟ್ಟು ಭಾಳ ಇತ್ತು” ಎಂದರು ಅವ್ವ.

ಮೂರೂ ವಿಂಕಾಟನಲ್ಲಿದ್ದವು. ನಜೀರಸಾಬ ಅವನ ತಲೆಗೆ ರುಮಾಲು ಸುತ್ತಿದ, ಹಣೆಗೆ ವಿಭೂತಿ ಎಳೆದ, ಮೈಬಣ್ಣ ಕಂದಿಸಿದ. ಕಣ್ಣಿಗೆ ಬಂದಾಗ ಕೈ ಸೋತು ಸಾಹೇಬನ ಬೆಕ್ಕಿನ ಕಣ್ಣುಗಳನ್ನು ಇದ್ದ ಹಾಗೇ ಬಿಟ್ಟ.

೩.
(ಇಲ್ಲಿ ನಜೀರಸಾಬ ನನ್ನ ಪೆನ್ನು ಹಿಡಿದುಕೊಂಡ.)

“ನನ್ನ ಕಳ್ಳನ್ನ ಮಾಡಬ್ಯಾಡ್ರಿ. ಬರೇ ಮೂಗು, ಗಡ್ಡ, ಸಿಟ್ಟು ಹೇಳಿದ್ರ ಮಾರಿ ಬರಿಯಾಕ ಬರ್ತೈತೇನ್ರಿ? ನೀವರ ಏನ್ ಮಾಡಾಕ ಹತ್ತೀರಿ? ಒಂದು ಫೋಟೋ ನೋಡಿ ಕಥಿ ಕಟ್ಟಾಕ ಹತ್ತೀರಿ.”

ನಾನು ದೊಡ್ಡ ಲೇಖಕನಂತೆ ಗಂಭೀರವಾಗಿ ಅಧ್ಯಾಯದ ಅಂಕಿ ಬದಲಿಸಿದೆ.

೪.
ಮುಕ್ತಾಯ ಒಂದು: ಪರದೆ ಸರಿಯಿತು, ಅವ್ವ ಅತ್ತರು, ಸಭೆ ಚಪ್ಪಾಳೆ ತಟ್ಟಿತು. (ಪಕ್ಕಾ ಸಿನಿಮಾ. ಹರಿದೆ.)

ಮುಕ್ತಾಯ ಎರಡು: ಗುಟ್ಟು ಬಯಲಾಗಿ ನಜೀರಸಾಬ ಓಡಿದ. (ಅವನು ಒಪ್ಪಲಿಲ್ಲ. ಮೊಣಕಾಲು ನೋವಂತೆ.)

ಮುಕ್ತಾಯ ಮೂರು: ಪರದೆ ಸರಿಯಿತು. ಎಲ್ಲರೂ ಕೈ ಮುಗಿದರು. ಹಾರ ಹಿಡಿದು ಹತ್ತಿರ ಹೋದ ಅನ್ನಪೂರ್ಣವ್ವ ಆ ಬೆಕ್ಕಿನ ಕಣ್ಣುಗಳನ್ನು ನೋಡುತ್ತ ನಿಂತುಬಿಟ್ಟರು. ನಜೀರಸಾಬ ಅವರ ಪಕ್ಕಕ್ಕೆ ಬಂದ.

“ಇವ್ರು ನಮ್ಮವ್ರಲ್ಲ, ನಜೀರಪ್ಪಾ” ಎಂದರು, ಅವನಿಗಷ್ಟೇ ಕೇಳುವಂತೆ.

“ತಪ್ಪಾತ್ರಿ ಅವ್ವಾರ. ಅವ್ರ ಕಣ್ಣು ಹೆಂಗಿದ್ವು ಹೇಳ್ರಿ, ಈಗಿಂದೀಗ ತಿದ್ದತೀನಿ.”

ಅವ್ವ ಕಣ್ಣು ಮುಚ್ಚಿದರು. ಮತ್ತೆ ತೆರೆದರು. ಮುಖ ಬಾಡಿತು.

“ಮುಂಜಾನಿ ತನಕ ನೆನಪಿತ್ತಪ್ಪ. ಈಗ ಕಣ್ಣು ಮುಚ್ಚಿದ್ರ ಇವನಽ ಬರ್ತಾನ.”

೫.
ಇಲ್ಲಿ ಮುಗಿಸಿದರೆ ಚೆನ್ನ ಎಂದು ಪೆನ್ನಿನ ಮುಚ್ಚಳ ಹಾಕಹೋದೆ. ನಜೀರಸಾಬ ಕುಂಚ ಹಿಡಿದು ನಿಂತೇ ಇದ್ದ, ಅವ್ವನ ಕೈಯಲ್ಲಿ ಹಾರ ಹಾಗೇ ಇತ್ತು.

“ಸ್ವಲ್ಪ ತಡೀರಿ” ಎಂದ. “ಅವ್ವಾರು ಇನ್ನಾ ನೆನಸಾಕ ಹತ್ಯಾರ.”