ಹಸಿರು ಹಳದಿ ಎಲೆ

"ಅದನ್ನ ಮಾತ್ರ ಅಂಟಿಸ್ಬೇಡ ಕಣೇ, ನೋಡಿದವರು ನಗ್ತಾರೆ" ಎಂದರು ಗುರುರಾಜರು, ಪಟ್ಟಿ ಕಟ್ಟಿದ ಬಲಗೈಯನ್ನು ಎದೆಗೆ ಅವಚಿಕೊಂಡು.

ಹೆಂಡತಿ ವಿಶಾಲಾಕ್ಷಿ ಆಗಲೇ ವ್ಯಾನಿನ ಹಿಂಬಾಗಿಲಿಗೆ ಸ್ಟಿಕರ್ ಒತ್ತುತ್ತಿದ್ದರು. ಅರ್ಧ ಹಸಿರು, ಅರ್ಧ ಹಳದಿ ಎಲೆ; ಹೊಸದಾಗಿ ಗಾಡಿ ಕಲಿತವರ ಗುರುತು. ಅರವತ್ತಮೂರರ ಹೆಂಗಸು ಅಂಟಿಸಿಕೊಳ್ಳುವಂಥದ್ದಲ್ಲ, ನಿಜ. ಆದರೆ ಜಪಾನಿನ ಹಮಾಮತ್ಸುವಿನಲ್ಲಿ ಇಪ್ಪತ್ತೆರಡು ವರ್ಷ ಸಂಸಾರ ಮಾಡಿಯೂ ಆಕೆ ಸ್ಟಿಯರಿಂಗ್ ಮುಟ್ಟಿದ್ದು ಲೈಸೆನ್ಸ್ ಪರೀಕ್ಷೆಯ ದಿನ ಮಾತ್ರ. ಓಡಿಸದವರು ತಪ್ಪು ಮಾಡುವುದಾದರೂ ಹೇಗೆ? ಹಾಗಾಗಿ ತಪ್ಪಿಲ್ಲದ ಚಾಲಕರಿಗೆ ಸರ್ಕಾರ ಕೊಡುವ ಚಿನ್ನದ ಪಟ್ಟಿಯ ಲೈಸೆನ್ಸ್ ಆಕೆಯ ಪರ್ಸಿನಲ್ಲಿತ್ತು. ದಿನವೂ ಓಡಿಸಿದ ಗಂಡನದು ಬರೀ ನೀಲಿ.

ನಿವೃತ್ತರಾದ ಮೇಲೆ ಗುರುರಾಜರು ಈ ಪುಟ್ಟ ವ್ಯಾನ್ ಕೊಂಡು, ಒಳಗೆ ಹಾಸಿಗೆ, ಸ್ಟವ್, ಕುಕ್ಕರಿಗೊಂದು ಗೂಡು ಎಲ್ಲ ತಾವೇ ಜೋಡಿಸಿದ್ದರು. ಮರಳುಗಾಡು ನೋಡುವ ಹುಚ್ಚು ಅವರಿಗೆ. ಕೈಗೆಟುಕುವುದು ತೊತ್ತೋರಿಯ ಮರಳುದಿಬ್ಬ. ಇಬ್ಬರೂ ಅಲ್ಲಿಗೆ ಹೊರಟು, ಇನ್ನು ನಲವತ್ತೇ ಕಿಲೋಮೀಟರ್ ಎನ್ನುವಾಗ ನಿನ್ನೆ ಬಿಸಿನೀರಿನ ಸ್ನಾನಗೃಹದಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡರು. ಕಾವಾಸಾಕಿಯಿಂದ ಮಗ ಸಂದೀಪ ಹೊರಟಿದ್ದ. ಬಂದವನೇ ವ್ಯಾನನ್ನು ಮಾರಿಬಿಡುವುದು ಎಂದು ಫೋನಿನಲ್ಲೇ ತೀರ್ಮಾನ ಕೊಟ್ಟಿದ್ದ.

"ಅವನು ಬರೋವರ್ಗೂ ಸುಮ್ನೆ ಕೂತಿರೋಣ. ನಿನಗ್ಯಾಕೆ ಈ ರಿಸ್ಕು?"

"ಸುಮ್ನೆ ಕೂತೇ ಅಲ್ವೇನ್ರೀ ಚಿನ್ನದ ಪಟ್ಟಿ ಬಂದಿದ್ದು? ಸಾಕು. ಹತ್ತಿ."

ಹೆದರಿಕೆಯೇನೋ ಬೇಕಾದಷ್ಟಿತ್ತು. ಮೂವತ್ತರ ಮೇಲೆ ಮುಳ್ಳು ಏರಲಿಲ್ಲ. ಪಕ್ಕದಲ್ಲಿ ಕೂತ ಗುರುರಾಜರು ತಮ್ಮ ಕಾಲಡಿ ಇಲ್ಲದ ಬ್ರೇಕನ್ನು ಒತ್ತಿ ಒತ್ತಿ ಸುಸ್ತಾದರು. ಹಿಂದೆ ಕಾರುಗಳ ಸಾಲು ಬೆಳೆದರೂ ಎಲೆ ಕಂಡವರು ಹಾರನ್ ಮಾಡಲಿಲ್ಲ. ಜಾಗ ಸಿಕ್ಕಲ್ಲೆಲ್ಲ ಆಕೆ ಬದಿಗೆ ನಿಲ್ಲಿಸಿ, ದಾಟಿದ ಪ್ರತಿ ಕಾರಿಗೂ ತಲೆ ಬಗ್ಗಿಸಿ "ಸುಮಿಮಾಸೆನ್" ಎಂದು ಕ್ಷಮೆ ಕೇಳಿದರು. ಹಾಗೆ ನಿಂತು ನಿಂತು, ಎರಡು ಗಂಟೆ ಕಳೆದ ಮೇಲೆ ಮರಳು ಕಂಡಿತು.

ಇಳಿಯುತ್ತಲೇ ಫೋನ್ ಬಂತು. "ಅಮ್ಮ, ಹಿಮೇಜಿಲಿ ಟ್ರೈನ್ ಚೇಂಜ್ ಮಾಡ್ತಿದೀನಿ. ಅಲ್ಲೇ ಇದೀರಾ ತಾನೆ?"

"ಮರಳಿನ ಹತ್ರ ಇದೀವಿ ಕಣೋ. ನಾನೇ ಓಡಿಸ್ಕೊಂಡ್ ಬಂದೆ."

"ವಾಟ್! ಅಮ್ಮ, ಆರ್ ಯೂ ಸೀರಿಯಸ್?"

"ಬಾ, ನೋಡ್ಕೊಂಡು ಹೋಗು. ಗಾಡಿ ಮಾತ್ರ ಮಾರಲ್ಲ. ವಾಪಸ್ಸೂ ನಾನೇ ಓಡಿಸ್ತೀನಿ."

ಫೋನಿಟ್ಟು ತಿರುಗಿದರೆ ಗುರುರಾಜರು ದಿಬ್ಬದ ಕಡೆಗೆ ಹೋಗಿರಲಿಲ್ಲ. ಗಾಳಿಗೆ ಕಿತ್ತುಬಂದ ಸ್ಟಿಕರಿನ ಹಿಂದೆ, ಮುರಿದ ಕೈ ಹಿಡಿದುಕೊಂಡು, ಮರಳಿನಲ್ಲಿ ತಡವರಿಸುತ್ತ ಓಡುತ್ತಿದ್ದರು. ಹಿಡಿದು ತಂದು, ಪ್ಯಾಂಟಿಗೆ ಒರೆಸಿ ಮರಳು ತೆಗೆದರು. ಆಮೇಲೆ ಹಿಂಬಾಗಿಲ ಮುಂದೆ ಕುಕ್ಕರಗಾಲಲ್ಲಿ ಕೂತು, ಎಡಗೈ ಹೆಬ್ಬೆರಳಿನಿಂದ ಎಲೆಯ ಅಂಚನ್ನು ಸುತ್ತಲೂ ಒತ್ತತೊಡಗಿದರು.